ಎಸಿಗೆ, ಹೀಟ್ ಪಂಪಿಗೆ ಯಾವ ಗ್ಯಾಸ್ ಒಳ್ಳೆಯದು? ‘ಪ್ರೊಪೇನ್ ಎಸಿ ಅಂದ್ರೆ ಬಾಂಬ್’ ಅನ್ನೋ ಫಾರ್ವರ್ಡ್ ಎಷ್ಟು ನಿಜ?

ಬೇಸಿಗೆ ಬಂತೆಂದರೆ ಎಸಿ ಗ್ಯಾಸಿನ ಬಗ್ಗೆ ಎರಡು ಬಗೆಯ ಮಾತು ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತವೆ. ಹೊಸ ಎಸಿಗಳಲ್ಲಿ ಅಡುಗೆ ಗ್ಯಾಸನ್ನೇ ತುಂಬಿರುತ್ತಾರೆ, ತಲೆಯ ಮೇಲೆ ಸಿಲಿಂಡರ್ ಇಟ್ಟುಕೊಂಡು ಮಲಗಿದ ಹಾಗೆ, ಹುಷಾರು ಎನ್ನುವುದು ಒಂದು. ಹಳೆಯ ಎಸಿಗೆ ಕಂಪನಿ ಗ್ಯಾಸ್ ಹಾಕಿಸಿ ಸಾವಿರಾರು ರೂಪಾಯಿ ಯಾಕೆ ಸುರಿಯುತ್ತೀರಿ, ಮನೆಯ ಎಲ್‌ಪಿಜಿ ತುಂಬಿಸಿ, ಇನ್ನೂ ಚೆನ್ನಾಗಿ ತಂಪಾಗುತ್ತದೆ ಎನ್ನುವುದು ಇನ್ನೊಂದು. ಒಂದು ಹೆದರಿಸುತ್ತದೆ, ಇನ್ನೊಂದು ಆಸೆ ಹುಟ್ಟಿಸುತ್ತದೆ. ಎರಡರಲ್ಲೂ ಚೂರು ಸತ್ಯವಿದೆ. ಆದರೆ ನಿಜಕ್ಕೂ ಜೀವಕ್ಕೆ ಕುತ್ತು ತರಬಲ್ಲದ್ದು ಎರಡನೆಯದು.

ಈ ಪ್ರಶ್ನೆ ಎಸಿಗಷ್ಟೇ ಸೇರಿದ್ದಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಗೀಸರಿನ ಬದಲು ಬರುತ್ತಿರುವ ಹೀಟ್ ಪಂಪ್ ವಾಟರ್ ಹೀಟರ್, ಅಡುಗೆಮನೆಯ ಫ್ರಿಜ್, ಚಳಿ ದೇಶಗಳಲ್ಲಿರುವ ನಮ್ಮವರ ಮನೆ ಬೆಚ್ಚಗಿಡುವ ಯಂತ್ರ, ಎಲ್ಲವೂ ಒಂದೇ ಕುಲದವು. ಎಲ್ಲದರ ಹೊಟ್ಟೆಯಲ್ಲೂ ಒಂದು ಗ್ಯಾಸ್ ಸುತ್ತುತ್ತಿರುತ್ತದೆ. ಅದು ಯಾವುದಿರಬೇಕು ಎಂಬುದರ ಬಗ್ಗೆ ನೂರು ವರ್ಷಗಳಿಂದ ಎಂಜಿನಿಯರುಗಳು ತಲೆ ಕೆಡಿಸಿಕೊಂಡಿದ್ದಾರೆ.

ಅಷ್ಟಕ್ಕೂ ಆ ಗ್ಯಾಸ್ ಮಾಡುವ ಕೆಲಸವೇನು?

ಅಂಗೈಗೆ ಸ್ಯಾನಿಟೈಸರ್ ಹಚ್ಚಿಕೊಂಡಾಗ ತಣ್ಣಗಾಗುತ್ತದಲ್ಲ, ಅಷ್ಟೇ ಸಂಗತಿ. ದ್ರವ ಆವಿಯಾಗಬೇಕಾದರೆ ಅದಕ್ಕೆ ಶಾಖ ಬೇಕು. ಅದನ್ನು ನಿಮ್ಮ ಚರ್ಮದಿಂದ ಕಿತ್ತುಕೊಳ್ಳುತ್ತದೆ. ಮಣ್ಣಿನ ಮಡಕೆಯ ನೀರು ತಂಪಾಗುವುದೂ ಹೀಗೆಯೇ. ಆವಿ ಮತ್ತೆ ದ್ರವವಾಗುವಾಗ ಹೀರಿಕೊಂಡಿದ್ದ ಶಾಖವನ್ನೆಲ್ಲ ಹೊರಗೆ ಬಿಡುತ್ತದೆ.

ಎಸಿಯಲ್ಲಿ ಕೋಣೆಯೊಳಗಿನ ತಾಮ್ರದ ಸುರುಳಿಯಲ್ಲಿ ದ್ರವ ಕುದಿದು ಆವಿಯಾಗುತ್ತದೆ, ಕೋಣೆಯ ಶಾಖ ಹೀರುತ್ತದೆ. ಹೊರಗಿನ ಯೂನಿಟ್‌ನಲ್ಲಿರುವ ಕಂಪ್ರೆಸರ್ ಆ ಆವಿಯನ್ನು ಒತ್ತಿ ಬಿಸಿ ಮಾಡುತ್ತದೆ. ಬಿಸಿ ಆವಿ ಹೊರಗಿನ ಸುರುಳಿಯಲ್ಲಿ ಶಾಖ ಬಿಟ್ಟು ದ್ರವವಾಗುತ್ತದೆ. ಕಿರಿದಾದ ದಾರಿಯೊಂದರಲ್ಲಿ ಹಾಯುವಾಗ ಒತ್ತಡ ಕುಸಿದು ಮತ್ತೆ ತಣ್ಣಗಾಗಿ ಒಳಗೆ ಬರುತ್ತದೆ. ಯಂತ್ರ ಶಾಖವನ್ನು ಇಲ್ಲಿಂದ ಎತ್ತಿ ಅಲ್ಲಿ ಹಾಕುತ್ತದೆ. ದಿಕ್ಕು ತಿರುಗಿಸಿದರೆ ಅದೇ ಯಂತ್ರ ಹೊರಗಿನ ಗಾಳಿಯ ಶಾಖವನ್ನು ಒಳಗೆ ತರುತ್ತದೆ. ಹೀಟ್ ಪಂಪ್ ಎಂದರೆ ಇದೇ.

ಇದರ ಲಾಭ ಎಷ್ಟು ನೋಡಿ. 100 ಲೀಟರ್ ನೀರನ್ನು 20 ಡಿಗ್ರಿಯಿಂದ 55 ಡಿಗ್ರಿಗೆ ಕಾಯಿಸಲು ಸುಮಾರು 4 ಯೂನಿಟ್ ಶಾಖ ಬೇಕು. ಸಾಮಾನ್ಯ ಗೀಸರ್ ಅಷ್ಟನ್ನೂ ಕರೆಂಟಿನಿಂದಲೇ ತೆಗೆದುಕೊಳ್ಳುತ್ತದೆ. ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್ ಶಾಖ ಸಾಗಿಸುವ ಹೀಟ್ ಪಂಪಿಗೆ ಒಂದೂಕಾಲು, ಒಂದೂವರೆ ಯೂನಿಟ್ ಸಾಕು.

ಗಮನಿಸಬೇಕಾದ್ದು ಇನ್ನೊಂದಿದೆ. ಈ ಸುತ್ತಿನಲ್ಲಿ ಗ್ಯಾಸ್ ಎಲ್ಲೂ ಖರ್ಚಾಗುವುದಿಲ್ಲ, ಅದು ಪೆಟ್ರೋಲ್ ಅಲ್ಲ. ‘ಪ್ರತಿ ವರ್ಷ ಗ್ಯಾಸ್ ತುಂಬಿಸಬೇಕು’ ಎಂದು ಯಾರಾದರೂ ಹೇಳಿದರೆ, ಪೈಪಿನಲ್ಲಿ ಎಲ್ಲೋ ಸೋರುತ್ತಿದೆ, ಇಲ್ಲವೇ ನಿಮ್ಮ ಜೇಬು ಸೋರುತ್ತಿದೆ ಎಂದು ಅರ್ಥ.

ನೀರನ್ನೇ ಯಾಕೆ ಬಳಸಬಾರದು?

ನೀರಿಗಿಂತ ಸುರಕ್ಷಿತ ಯಾವುದಿದೆ? ವಿಷವಲ್ಲ, ಹೊತ್ತಿಕೊಳ್ಳುವುದಿಲ್ಲ, ಕೆಜಿಗೆ ಅದು ಹೀರುವಷ್ಟು ಶಾಖವನ್ನು ಬೇರೆ ಯಾವ ಗ್ಯಾಸೂ ಹೀರುವುದಿಲ್ಲ. ಆದರೆ ನೀರು 5 ಡಿಗ್ರಿಯಲ್ಲಿ ಕುದಿಯಬೇಕಾದರೆ ಪೈಪಿನೊಳಗಿನ ಒತ್ತಡ ವಾತಾವರಣದ ಒತ್ತಡದ ನೂರರಲ್ಲೊಂದು ಪಾಲಿಗಿಂತ ಕಡಿಮೆ ಇರಬೇಕು. ಆ ಸ್ಥಿತಿಯಲ್ಲಿ ಒಂದು ಕೆಜಿ ಆವಿ ಸುಮಾರು 147 ಘನ ಮೀಟರ್ ಜಾಗ ತಿನ್ನುತ್ತದೆ. ಅಂದರೆ 500 ಚದರಡಿಯ ಮನೆಯೊಂದನ್ನು ನೆಲದಿಂದ ಸೂರಿನವರೆಗೆ ತುಂಬುವಷ್ಟು. ಅಷ್ಟು ತೆಳ್ಳಗಿನ ಆವಿಯನ್ನು ಎಳೆದು ಒತ್ತುವ ಕಂಪ್ರೆಸರನ್ನು ಬಾಲ್ಕನಿಯಲ್ಲಿ ಇಡಲಾಗುವುದಿಲ್ಲ.

ಹಾಗಾಗಿ ಬೇಕಾದದ್ದು ಸೊನ್ನೆಗಿಂತ ಸಾಕಷ್ಟು ಕೆಳಗೆ ಕುದಿಯುವ ವಸ್ತು. ಪ್ರೊಪೇನ್ ಮೈನಸ್ 42ರಲ್ಲಿ ಕುದಿಯುತ್ತದೆ, ಹಳೆಯ ಎಸಿಗಳ ಆರ್-22 ಮೈನಸ್ 41ರಲ್ಲಿ, ಇಂದಿನ ಹೆಚ್ಚಿನ ಎಸಿಗಳಲ್ಲಿರುವ ಆರ್-32 ಮೈನಸ್ 52ರಲ್ಲಿ. ಫ್ರಿಜ್‌ನಲ್ಲಿರುವ ಐಸೊಬ್ಯೂಟೇನ್ ಕುದಿಯುವುದು ಮೈನಸ್ 12ರಲ್ಲಿ. ಫ್ರಿಜ್‌ನಂಥ ಸಣ್ಣ ಕೆಲಸಕ್ಕೆ ಅದು ಸಾಕು, ಎಸಿಗೆ ಬಳಸಿದರೆ ಕಂಪ್ರೆಸರ್ ಬಹಳ ದೊಡ್ಡದಾಗಬೇಕಾಗುತ್ತದೆ.

ಅಷ್ಟೇ ಸಾಲದು. ಅದು ಹೊರಗಿನ ಬಿಸಿಲಿನಲ್ಲಿ ಮತ್ತೆ ದ್ರವವಾಗಬೇಕು. ಇಲ್ಲಿ ಕಾರ್ಬನ್ ಡೈಆಕ್ಸೈಡ್ ಸೋಲುತ್ತದೆ. 31 ಡಿಗ್ರಿ ದಾಟಿದ ಮೇಲೆ ಅದನ್ನು ಎಷ್ಟೇ ಒತ್ತಿದರೂ ದ್ರವವಾಗುವುದಿಲ್ಲ. ರಾಯಚೂರಿನ ಮೇ ತಿಂಗಳಲ್ಲಿ 31 ಡಿಗ್ರಿ ಹುಡುಕಲು ರಾತ್ರಿಯವರೆಗೆ ಕಾಯಬೇಕು! ಆದರೆ ತಣ್ಣೀರನ್ನು ಒಂದೇ ಸಲಕ್ಕೆ ಬಿಸಿನೀರು ಮಾಡಲು ಇದೇ ಗ್ಯಾಸ್ ಬಹಳ ಚೆನ್ನಾಗಿ ಹೊಂದುತ್ತದೆ. ಜಪಾನಿನಲ್ಲಿ 2001ರಿಂದ ‘ಇಕೊಕ್ಯೂಟ್’ ಹೆಸರಿನಲ್ಲಿ ಬಂದ ವಾಟರ್ ಹೀಟರುಗಳು ಕಾರ್ಬನ್ ಡೈಆಕ್ಸೈಡಿನ ಮೇಲೆಯೇ ನಡೆಯುತ್ತವೆ. ಒಂದು ಕೆಲಸಕ್ಕೆ ಒಗ್ಗದ ಗ್ಯಾಸ್ ಇನ್ನೊಂದಕ್ಕೆ ಹೇಳಿ ಮಾಡಿಸಿದ ಹಾಗಿರುತ್ತದೆ. ‘ಯಾವ ಗ್ಯಾಸ್ ಬೆಸ್ಟ್’ ಎಂದು ಕೇಳುವ ಮುನ್ನ ‘ಯಾವ ಕೆಲಸಕ್ಕೆ’ ಎಂದು ಕೇಳಬೇಕಾಗಿರುವುದು ಇದಕ್ಕೇ.

ಅಮೋನಿಯಾ ಕೂಡ ಕೆಲಸದಲ್ಲಿ ಬಲು ಗಟ್ಟಿ. ಐಸ್ ಪ್ಲಾಂಟು, ಕೋಲ್ಡ್ ಸ್ಟೋರೇಜುಗಳಲ್ಲಿ ಇಂದಿಗೂ ಅದರದೇ ಕಾರುಬಾರು. ಆದರೆ ಅದು ವಿಷ, ಜೊತೆಗೆ ತಾಮ್ರವನ್ನು ತಿನ್ನುತ್ತದೆ. ಮನೆಗೆ ಬೇಡ.

ಒಂದು ಸಮಸ್ಯೆ ಬಿಡಿಸಿ ಇನ್ನೊಂದಕ್ಕೆ ಸಿಕ್ಕಿಬಿದ್ದ ಕತೆ

ಮೊದಮೊದಲ ಮನೆ ಫ್ರಿಜ್‌ಗಳಲ್ಲಿ ಇದ್ದದ್ದು ಅಮೋನಿಯಾ, ಸಲ್ಫರ್ ಡೈಆಕ್ಸೈಡ್, ಮೀಥೈಲ್ ಕ್ಲೋರೈಡ್. ಸೋರಿದರೆ ಜನ ಸಾಯುತ್ತಿದ್ದರು. ಬರ್ಲಿನ್ನಿನಲ್ಲಿ ಹೀಗೆ ಒಂದು ಕುಟುಂಬವೇ ಸತ್ತ ಸುದ್ದಿ ಓದಿ ಮನಸ್ಸು ಕಲಕಿದ ಆಲ್ಬರ್ಟ್ ಐನ್‌ಸ್ಟೈನ್, ತಮ್ಮ ಯುವ ಮಿತ್ರ ಲಿಯೊ ಸಿಲಾರ್ಡ್ ಜೊತೆ ಸೇರಿ 1920ರ ದಶಕದಲ್ಲಿ ಸೋರದ ಫ್ರಿಜ್ ಒಂದಕ್ಕೆ ಪೇಟೆಂಟ್ ಪಡೆದರು. ಅದು ಮಾರುಕಟ್ಟೆಗೆ ಬರಲಿಲ್ಲ. ಅಷ್ಟರಲ್ಲಿ ಅಮೆರಿಕದ ಥಾಮಸ್ ಮಿಡ್ಜ್‌ಲಿ ತಂಡ 1928ರಲ್ಲಿ ಫ್ರಿಯಾನ್ ಕಂಡುಹಿಡಿಯಿತು. 1930ರಲ್ಲಿ ಮಿಡ್ಜ್‌ಲಿ ವಿಜ್ಞಾನಿಗಳ ಸಭೆಯೊಂದರಲ್ಲಿ ಆ ಗ್ಯಾಸನ್ನು ಎದೆ ತುಂಬ ಎಳೆದುಕೊಂಡು ಉರಿಯುವ ಮೇಣದಬತ್ತಿಯ ಮೇಲೆ ಊದಿದರು. ಬತ್ತಿ ಆರಿತು. ವಿಷವೂ ಅಲ್ಲ, ಬೆಂಕಿಯೂ ಹತ್ತದು! (ಪೆಟ್ರೋಲಿಗೆ ಸೀಸ ಬೆರೆಸಿದ್ದೂ ಇದೇ ಮಹಾಶಯರು.)

ಆದರೆ ಯಾವುದರ ಜೊತೆಗೂ ಸೇರದ ಗ್ಯಾಸ್ ಗಾಳಿಯಲ್ಲಿ ಕರಗುವುದೂ ಇಲ್ಲ. ಅದು ಮೇಲೆ ಮೇಲೆ ಹೋಗಿ, ಸೂರ್ಯನ ನೇರಳಾತೀತ ಕಿರಣಕ್ಕೆ ಸಿಕ್ಕಿ ಒಡೆದು, ಅದರ ಕ್ಲೋರಿನ್ ಓಝೋನ್ ಪದರವನ್ನು ತಿನ್ನುತ್ತದೆ ಎಂದು ಮೊಲಿನಾ ಮತ್ತು ರೋಲೆಂಡ್ 1974ರಲ್ಲಿ ಎಚ್ಚರಿಸಿದರು. 1985ರಲ್ಲಿ ಅಂಟಾರ್ಕ್ಟಿಕದ ಮೇಲಿನ ಓಝೋನ್ ರಂಧ್ರದ ವರದಿ ಬಂತು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು.

ಕ್ಲೋರಿನ್ ಕಡಿಮೆಯಿರುವ ಆರ್-22, ಆಮೇಲೆ ಕ್ಲೋರಿನ್ನೇ ಇಲ್ಲದ ಆರ್-134ಎ, ಆರ್-410ಎ ಬಂದವು. ಓಝೋನ್ ಬಚಾವಾಯಿತು, ಬಿಸಿಯ ತೊಂದರೆ ಉಳಿಯಿತು. ನೂರು ವರ್ಷಗಳ ಲೆಕ್ಕದಲ್ಲಿ ಒಂದು ಕೆಜಿ ಆರ್-410ಎ ಸೋರಿದರೆ 2,088 ಕೆಜಿ ಕಾರ್ಬನ್ ಡೈಆಕ್ಸೈಡಿನಷ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ಸುಮಾರು 900 ಲೀಟರ್ ಪೆಟ್ರೋಲ್ ಸುಟ್ಟ ಹಾಗೆ. ಆರ್-22ಕ್ಕೆ ಈ ಸಂಖ್ಯೆ 1,810, ಆರ್-134ಎಗೆ 1,430, ಆರ್-32ಕ್ಕೆ 675. ಪ್ರೊಪೇನಿಗೆ ಹೆಚ್ಚೆಂದರೆ 3.

2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ಇವನ್ನೂ ಇಳಿಸುವ ತೀರ್ಮಾನವಾಯಿತು. 2021ರಲ್ಲಿ ಭಾರತ ಅದಕ್ಕೆ ಒಪ್ಪಿಗೆ ಕೊಟ್ಟಿತು. ನಮ್ಮ ಇಳಿಕೆ 2032ರಲ್ಲಿ ಶುರುವಾಗಿ 2047ಕ್ಕೆ ಶೇ 85 ಮುಟ್ಟಬೇಕು. ಆರ್-22 ಹಾಕಿದ ಹೊಸ ಯಂತ್ರಗಳ ತಯಾರಿಕೆ ನಮ್ಮಲ್ಲಿ 2025ಕ್ಕೆ ಮುಂಚೆಯೇ ನಿಲ್ಲಬೇಕಿತ್ತು.

ಇಲ್ಲಿರುವ ತೊಡಕು ಯಾವ ಕಂಪನಿಯ ಕುತಂತ್ರವೂ ಅಲ್ಲ, ರಸಾಯನಶಾಸ್ತ್ರದ್ದು. ಅಣುವಿನಲ್ಲಿ ಹೈಡ್ರೋಜನ್ ಹೆಚ್ಚಿದ್ದರೆ ಗಾಳಿಯಲ್ಲಿ ಬೇಗ ಒಡೆಯುತ್ತದೆ, ಆದರೆ ಹೊತ್ತಿಕೊಳ್ಳುತ್ತದೆ. ಫ್ಲೋರಿನ್ ಹೆಚ್ಚಿದ್ದರೆ ಹೊತ್ತಿಕೊಳ್ಳುವುದಿಲ್ಲ, ಆದರೆ ಗಾಳಿಯಲ್ಲಿ ವರ್ಷಗಟ್ಟಲೆ ಕೂತುಬಿಡುತ್ತದೆ. ಎರಡನ್ನೂ ತಪ್ಪಿಸಲು ಹೊರಟು ಮಾಡಿದ ಹೊಸ ಗ್ಯಾಸುಗಳಿವೆ, ಕಾರಿನ ಎಸಿಯ ಆರ್-1234ವೈಎಫ್ ಅಂಥದ್ದು. ಅದು ಬೇಗ ಒಡೆಯುತ್ತದೆ, ನಿಜ. ಆದರೆ ಒಡೆದಾಗ ಟ್ರೈಫ್ಲೋರೋಅಸಿಟಿಕ್ ಆಮ್ಲವಾಗಿ ಮಳೆನೀರಿನಲ್ಲಿ ಸೇರುತ್ತದೆ. ಅದು ಸುಲಭಕ್ಕೆ ನಾಶವಾಗದ ವಸ್ತುವಾದ್ದರಿಂದ ಯುರೋಪಿನಲ್ಲಿ ಈಗ ಅದರದ್ದೇ ಚರ್ಚೆ.

ಹಾಗಾದರೆ ಪ್ರೊಪೇನ್ ಎಸಿ ಬಾಂಬೇ?

ಪ್ರೊಪೇನ್, ಅಂದರೆ ಆರ್-290, ಹೊತ್ತಿಕೊಳ್ಳುತ್ತದೆ. ಅದರಲ್ಲಿ ಸುಳ್ಳಿಲ್ಲ. ಅಡುಗೆ ಗ್ಯಾಸಿನಲ್ಲಿರುವುದೂ ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣವೇ. ಆದರೆ ಫಾರ್ವರ್ಡುಗಳು ಮರೆಯುವುದು ‘ಎಷ್ಟು’ ಎಂಬ ಪ್ರಶ್ನೆಯನ್ನು.

ಪ್ರೊಪೇನ್ ಹೊತ್ತಿಕೊಳ್ಳಬೇಕಾದರೆ ಗಾಳಿಯಲ್ಲಿ ಅದರ ಪ್ರಮಾಣ ಶೇ 2.1 ಆದರೂ ಇರಬೇಕು. ತೂಕದಲ್ಲಿ ಹೇಳುವುದಾದರೆ ಒಂದು ಘನ ಮೀಟರಿಗೆ 38 ಗ್ರಾಂ. 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ಕೋಣೆ ಸುಮಾರು 34 ಘನ ಮೀಟರ್. ಇಡೀ ಕೋಣೆಯ ಗಾಳಿ ಹೊತ್ತಿಕೊಳ್ಳುವ ಮಟ್ಟಕ್ಕೆ ಬರಲು ಸುಮಾರು 1,300 ಗ್ರಾಂ ಬೇಕು. ಎಸಿಯಲ್ಲಿ 300 ಗ್ರಾಂ ಇದೆ ಎಂದುಕೊಳ್ಳಿ. ಅಷ್ಟೂ ಸೋರಿ ಕೋಣೆಯಲ್ಲಿ ಬೆರೆತರೂ ಅಪಾಯದ ಮಟ್ಟದ ಕಾಲು ಭಾಗಕ್ಕೂ ಬರುವುದಿಲ್ಲ. ನಿಮ್ಮ ಅಡುಗೆಮನೆಯ ಸಿಲಿಂಡರಿನಲ್ಲಿರುವುದು 14.2 ಕೆಜಿ, ಅಂದರೆ ಇದರ 47 ಪಟ್ಟು.

ಈ ಲೆಕ್ಕ ಇಲ್ಲಿಗೇ ನಿಲ್ಲಿಸಿದರೆ ನಾನೂ ಫಾರ್ವರ್ಡ್ ಬರೆದಂತಾಗುತ್ತದೆ. ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಒಮ್ಮೆಲೇ ಸೋರಿದರೆ ಬೆರೆಯುವ ಮುನ್ನ ನೆಲದ ಮೇಲೆ ತೆಳ್ಳಗೆ ಹರಡಿ ನಿಲ್ಲುತ್ತದೆ, ಅಲ್ಲಿ ಶೇ 2.1 ದಾಟಬಹುದು. ಅಡುಗೆ ಗ್ಯಾಸಿಗೆ ವಾಸನೆ ಬರಲೆಂದು ಮರ್‌ಕ್ಯಾಪ್ಟನ್ ಬೆರೆಸಿರುತ್ತಾರೆ, ಎಸಿಯ ಪ್ರೊಪೇನಿಗೆ ಬೆರೆಸುವುದಿಲ್ಲ. ಸೋರಿದರೆ ಮೂಗಿಗೆ ಗೊತ್ತಾಗದು. ಅದಕ್ಕೇ ಇಂಥ ಎಸಿಗಳಲ್ಲಿ ಗ್ಯಾಸಿನ ತೂಕಕ್ಕೆ ಮಿತಿ, ಕಿಡಿ ಹಾರದ ಸ್ವಿಚ್ಚುಗಳು, ಎಷ್ಟು ದೊಡ್ಡ ಕೋಣೆಗೆ ಹಾಕಬಹುದು ಎಂಬ ನಿಯಮ ಎಲ್ಲ ಇವೆ. ಇವನ್ನೆಲ್ಲ ಪಾಲಿಸಿ ಕಟ್ಟಿದ ಯಂತ್ರ ಬಾಂಬ್ ಅಲ್ಲ. ಭಾರತದಲ್ಲಿ ಗೋದ್ರೇಜ್ 2012ರಲ್ಲೇ ಪ್ರೊಪೇನ್ ಎಸಿ ಮಾರಾಟಕ್ಕೆ ತಂದಿತ್ತು.

ಇನ್ನೂ ಸಂಶಯವಿದ್ದರೆ ಫ್ರಿಜ್ ಹಿಂದಿನ ಚೀಟಿ ನೋಡಿ. ಇತ್ತೀಚಿನದಾದರೆ ಬಹುಪಾಲು ‘ಆರ್-600ಎ’ ಎಂದಿರುತ್ತದೆ. ಅದೇ ಐಸೊಬ್ಯೂಟೇನ್, ಅದೂ ಹೊತ್ತಿಕೊಳ್ಳುವ ಗ್ಯಾಸೇ. ಜರ್ಮನಿಯಲ್ಲಿ 1993ರ ಸುಮಾರಿಗೆ ಶುರುವಾದ ಈ ಬದಲಾವಣೆ ಕೋಟ್ಯಂತರ ಮನೆಗಳಿಗೆ ಸದ್ದಿಲ್ಲದೆ ಬಂದು ಕೂತಿದೆ. ಫ್ರಿಜ್‌ನಲ್ಲಿ ಅದರ ತೂಕ ಕೆಲವೇ ಹತ್ತು ಗ್ರಾಂ.

ಆರ್-32 ಹೊತ್ತಿಕೊಳ್ಳುವುದೇ ಇಲ್ಲ ಎಂದು ಮಾರುವವರು ಹೇಳಿದರೆ ಅದೂ ತಪ್ಪು. ಅದು ‘ಎ2ಎಲ್’ ಗುಂಪಿನದು, ಅಂದರೆ ಕಷ್ಟಪಟ್ಟು, ನಿಧಾನವಾಗಿ ಉರಿಯುವಂಥದ್ದು. ಮೇಲಿನ ಕೋಣೆಯಲ್ಲೇ ಅದು ಹೊತ್ತಿಕೊಳ್ಳಲು 10 ಕೆಜಿ ಬೇಕು, ಎಸಿಯಲ್ಲಿರುವುದು ಒಂದು ಕೆಜಿಯ ಆಸುಪಾಸು. ಆದರೆ ಬೇರೆ ಕಾರಣಕ್ಕೆ ಬೆಂಕಿ ಬಿದ್ದು ಅದು ಸುಟ್ಟರೆ ಹೈಡ್ರೋಜನ್ ಫ್ಲೋರೈಡ್ ಎಂಬ ಕಟು ವಿಷ ಹುಟ್ಟುತ್ತದೆ. ಉರಿಯುತ್ತಿರುವ ಎಸಿಯ ಹತ್ತಿರ ನಿಂತು ವಿಡಿಯೊ ಮಾಡಬೇಡಿ.

ಎಲ್‌ಪಿಜಿ ತುಂಬಿಸುವುದು ಯಾಕೆ ಬೇಡವೇ ಬೇಡ

‘ಪ್ರೊಪೇನ್ ಸರಿಯಾದರೆ ಎಲ್‌ಪಿಜಿ ಯಾಕೆ ತಪ್ಪು?’ ಎಂಬುದು ಜಾಣ ಪ್ರಶ್ನೆಯೇ. ಎಲ್‌ಪಿಜಿ ತುಂಬಿದ ಹಳೆಯ ಎಸಿ ಕೆಲವೊಮ್ಮೆ ತಂಪು ಕೊಡುವುದೂ ಹೌದು, ಯಾಕೆಂದರೆ ಪ್ರೊಪೇನಿನ ಗುಣ ಆರ್-22ಕ್ಕೆ ಹತ್ತಿರ. ಈ ಫಾರ್ವರ್ಡ್ ಸಾಯದೆ ಉಳಿದಿರುವುದು ಅದಕ್ಕೇ.

ಆದರೆ ಆರ್-22ಕ್ಕೆಂದು ಮಾಡಿದ ಎಸಿಯ ರಿಲೇ, ಟರ್ಮಿನಲ್, ಫ್ಯಾನ್ ಮೋಟರು ಯಾವುದನ್ನೂ ಕಿಡಿ ಹಾರಬಾರದೆಂದು ಕಟ್ಟಿಲ್ಲ. ಎಷ್ಟು ಗ್ಯಾಸ್ ಹೋಯಿತೆಂದು ತೂಗುವವರಿಲ್ಲ. ಅಡುಗೆ ಗ್ಯಾಸಿನಲ್ಲಿ ತೇವ, ಗಂಧಕದ ವಾಸನೆದ್ರವ್ಯ ಇರುತ್ತವೆ, ಪ್ರೊಪೇನ್-ಬ್ಯೂಟೇನ್ ಪ್ರಮಾಣ ಒಂದೇ ಥರ ಇರುವುದಿಲ್ಲ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಎಸಿಯ ಮೇಲಿನ ಚೀಟಿಯಲ್ಲಿ ‘ಆರ್-22’ ಎಂದೇ ಇರುತ್ತದೆ. ಎರಡು ವರ್ಷದ ನಂತರ ಬರುವ ಮೆಕ್ಯಾನಿಕ್ ಅದನ್ನು ನಂಬಿ ಪೈಪಿಗೆ ಬೆಸುಗೆಯ ಬೆಂಕಿ ಹಿಡಿಯುತ್ತಾನೆ. ನೀವು ಉಳಿಸಿದ ದುಡ್ಡಿಗೆ ಅವನು ಬೆಲೆ ತೆರುತ್ತಾನೆ.

ಹಳೆಯ ಎಸಿಗೆ ಆರ್-32 ಅಥವಾ ಆರ್-410ಎ ತುಂಬಿಸುವುದೂ ಆಗದು. ಹೊರಗೆ ಬಿಸಿಲಿದ್ದು ಸುರುಳಿ 50 ಡಿಗ್ರಿಗೆ ಬಂದಾಗ ಆರ್-22ರ ಒತ್ತಡ ವಾತಾವರಣದ 19 ಪಟ್ಟು, ಆರ್-32ರದು 31 ಪಟ್ಟು. ಹಳೆಯ ಪೈಪು, ಕಂಪ್ರೆಸರು ಅದನ್ನು ತಡೆಯಲೆಂದು ಮಾಡಿದವಲ್ಲ. ಎಣ್ಣೆಯೂ ಬೇರೆ.

‘ಎಸಿ ಕಂಪ್ರೆಸರ್ ಸ್ಫೋಟ’ ಎಂಬ ಸುದ್ದಿ ಓದಿದಾಗ ಎಲ್ಲರೂ ಗ್ಯಾಸನ್ನು ಬೈಯುತ್ತಾರೆ. ಆದರೆ ರಿಪೇರಿಯ ತಪ್ಪುಗಳಿಂದ ಆಗುವ ಸ್ಫೋಟಗಳೂ ಇವೆ. ಸೋರಿಕೆ ಪರೀಕ್ಷೆಗೆ ನೈಟ್ರೋಜನ್ ಬದಲು ಆಕ್ಸಿಜನ್ ತುಂಬಿದರೆ, ಅಥವಾ ಗ್ಯಾಸನ್ನು ಹೊರಗಿನ ಯೂನಿಟ್‌ಗೆ ಎಳೆದುಕೊಳ್ಳುವಾಗ ಪೈಪಿನಿಂದ ಗಾಳಿ ಒಳನುಗ್ಗಿದರೆ, ಕಂಪ್ರೆಸರಿನ ಎಣ್ಣೆ ಡೀಸೆಲ್ ಎಂಜಿನ್ನಿನಲ್ಲಿ ಆಗುವ ಹಾಗೆ ಹೊತ್ತಿ ಸಿಡಿಯಬಲ್ಲದು. ಅದಕ್ಕೆ ಪ್ರೊಪೇನ್ ಬೇಕೆಂದೇನಿಲ್ಲ.

ಕೊಳ್ಳುವಾಗ ಏನು ನೋಡಬೇಕು?

ಎಸಿಯಾದರೆ ಗ್ಯಾಸಿನ ಹೆಸರಿಗಿಂತ ಮೊದಲು ಸ್ಟಾರ್ ಚೀಟಿಯಲ್ಲಿರುವ ವರ್ಷದ ಯೂನಿಟ್ ನೋಡಿ ಎನ್ನುತ್ತೇನೆ. ಲೆಕ್ಕ ಹೀಗಿದೆ. 800 ಗ್ರಾಂ ಆರ್-32 ಪೂರ್ತಿ ಸೋರಿದರೆ 540 ಕೆಜಿ ಕಾರ್ಬನ್ ಡೈಆಕ್ಸೈಡಿಗೆ ಸಮ. ನಮ್ಮ ದೇಶದಲ್ಲಿ ಒಂದು ಯೂನಿಟ್ ಕರೆಂಟಿಗೆ ಸುಮಾರು 0.7 ಕೆಜಿ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ಎರಡು ಎಸಿಗಳ ನಡುವೆ ವರ್ಷಕ್ಕೆ 250 ಯೂನಿಟ್ ವ್ಯತ್ಯಾಸವಿದ್ದರೆ ಹತ್ತು ವರ್ಷಕ್ಕೆ 1,750 ಕೆಜಿ ಆಯಿತು. ಒಂದು ಸಲದ ಸೋರಿಕೆಗಿಂತ ಮೂರು ಪಟ್ಟು ಜಾಸ್ತಿ. ಆದರೆ ಕೆಟ್ಟ ಫಿಟ್ಟಿಂಗಿನಿಂದ ಗ್ಯಾಸ್ ಎರಡೆರಡು ವರ್ಷಕ್ಕೊಮ್ಮೆ ಖಾಲಿಯಾಗುತ್ತಿದ್ದರೆ ಈ ಉಳಿತಾಯವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಒಂದೇ ಸಾಮರ್ಥ್ಯದ, ಒಂದೇ ಸ್ಟಾರಿನ ಎರಡು ಎಸಿಗಳಲ್ಲಿ ಒಂದು ಪ್ರೊಪೇನಿನದು, ಅದನ್ನು ರಿಪೇರಿ ಮಾಡಲು ತರಬೇತಿ ಪಡೆದವರು ನಿಮ್ಮ ಊರಲ್ಲಿ ಇದ್ದಾರೆ ಎಂದಾದರೆ ಪ್ರೊಪೇನಿನದನ್ನು ಆರಿಸಿ. ಆ ಎರಡನೆಯ ಷರತ್ತು ಈಗ ನಮ್ಮ ಸಣ್ಣ ಊರುಗಳಲ್ಲಿ ಸುಲಭವಲ್ಲ, ಅಲ್ಲಿ ಆರ್-32 ಮೇಲು.

ನೀರು ಕಾಯಿಸುವ ಹೀಟ್ ಪಂಪಿನ ಲೆಕ್ಕ ಬೇರೆ. ಅಲ್ಲಿ ಸಾಮಾನ್ಯವಾಗಿ ಸಿಗುವ ಆರ್-134ಎ ಬಿಸಿನೀರಿನ ಕೆಲಸಕ್ಕೆ ಒಗ್ಗುತ್ತದೆ, ಒತ್ತಡವೂ ಕಡಿಮೆ, ಆದರೆ 1,430 ಎಂಬ ಸಂಖ್ಯೆ ಅದರ ಬೆನ್ನಿಗಿದೆ. ಪ್ರೊಪೇನಿಗೆ ನಿಜವಾದ ಜಾಗ ಇದೇ ಎನ್ನುವುದು ನನ್ನ ಅಭಿಪ್ರಾಯ. ಗ್ಯಾಸಿನ ಇಡೀ ಸುತ್ತನ್ನು ಹೊರಗಿನ ಪೆಟ್ಟಿಗೆಯೊಳಗೇ ಮುಗಿಸಿ ಮನೆಯೊಳಕ್ಕೆ ಬಿಸಿನೀರಿನ ಪೈಪನ್ನು ಮಾತ್ರ ತರಬಹುದು. ಸೋರಿದರೂ ಬಯಲಿಗೆ ಹೋಗುತ್ತದೆ. ಮನೆ ಬೆಚ್ಚಗಿಡಲು ಯುರೋಪು ಇತ್ತೀಚೆಗೆ ಪ್ರೊಪೇನಿನ ಕಡೆ ವಾಲುತ್ತಿರುವುದಕ್ಕೆ ಇದೂ ಒಂದು ಕಾರಣ, 70 ಡಿಗ್ರಿಯವರೆಗೂ ನೀರು ಕಾಯಿಸಬಲ್ಲದು ಎನ್ನುವುದು ಇನ್ನೊಂದು. ಜರ್ಮನಿಯಲ್ಲೋ ಬ್ರಿಟನ್ನಿನಲ್ಲೋ ಇರುವ ಮಗ, ಮಗಳು ‘ಆರ್-290 ಹಾಕಿಸಲಾ?’ ಎಂದು ಕೇಳಿದರೆ ಹೆದರಿಸಬೇಡಿ. ಯಂತ್ರದ ಸುತ್ತ ಚರಂಡಿ ಬಾಯಿ, ನೆಲಮಾಳಿಗೆಯ ಕಿಟಕಿ, ತಗ್ಗು ಇರದಂತೆ ಕಂಪನಿ ಹೇಳಿದಷ್ಟು ಜಾಗ ಬಿಟ್ಟಿದ್ದಾರಾ ಎಂದು ಕೇಳಿ. ಬೆಂಗಳೂರಿನ ಅಪಾರ್ಟ್‌ಮೆಂಟಿನ ಇಕ್ಕಟ್ಟಾದ ಯುಟಿಲಿಟಿಗೂ ಇದೇ ಪ್ರಶ್ನೆ, ಗಾಳಿಯಾಡದ ಮೂಲೆಯಲ್ಲಿ ಪ್ರೊಪೇನ್ ಯಂತ್ರ ಕೂರಿಸುವುದು ಬೇಡ.

ಮೆಕ್ಯಾನಿಕ್ ಬಂದಾಗ ಮೂರು ಸಾಮಾನು ತಂದಿದ್ದಾನಾ ನೋಡಿ: ನೈಟ್ರೋಜನ್ ಸಿಲಿಂಡರ್, ವ್ಯಾಕ್ಯೂಮ್ ಪಂಪ್, ಗ್ಯಾಸ್ ತೂಗುವ ತಕ್ಕಡಿ. ಎಷ್ಟು ಗ್ರಾಂ ತುಂಬಬೇಕೆಂಬುದು ಹೊರಗಿನ ಯೂನಿಟ್‌ನ ಚೀಟಿಯಲ್ಲೇ ಬರೆದಿರುತ್ತದೆ. ತಕ್ಕಡಿಯಿಲ್ಲದೆ ‘ಅಂದಾಜಿಗೆ ಹಾಕ್ತೀನಿ ಸಾರ್’ ಎಂದರೆ ಬೇಡವೆನ್ನಿ. ಪ್ರೊಪೇನ್ ಯಂತ್ರ ಸೋರುತ್ತಿದೆ ಎಂದು ಅನುಮಾನ ಬಂದರೆ, ಪೈಪಿನ ಜೋಡಣೆಯಲ್ಲಿ ಎಣ್ಣೆ ಜಿನುಗುವುದೋ ತಂಪು ಒಮ್ಮೆಲೇ ಕಡಿಮೆಯಾಗುವುದೋ ಕಂಡರೆ, ಕೋಣೆಯ ಸ್ವಿಚ್ಚು ಮುಟ್ಟಬೇಡಿ, ದೀಪ ಹಚ್ಚಬೇಡಿ. ಕಿಟಕಿ ಬಾಗಿಲು ತೆಗೆದು ಹೊರಗೆ ಬನ್ನಿ. ಕರೆಂಟ್ ತೆಗೆಯುವುದಾದರೆ ಕೋಣೆಯ ಹೊರಗಿರುವ ಮೇನ್‌ನಲ್ಲಿ ತೆಗೆಯಿರಿ.